ಬಾಗಿಲ ಫಲಕದ ‘ಸ್ಟೇಬಲ್’

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ತಮ್ಮ ತೀವ್ರ ನಿಗಾ ಘಟಕದ ಬಾಗಿಲ ಪಕ್ಕದ ಫಲಕದಲ್ಲಿ ‘ಸ್ಟೇಬಲ್’ ಎಂಬ ಪದವಿದೆ. ಅದನ್ನು ನಂಬಿದ್ದರಿಂದ ನನ್ನ ಅಕ್ಕನ ಮಗಳಿಗೆ ಜೀವವಿರುವಾಗ ಕೊನೆಯ ಸಲ ತಾಯಿಯ ಮುಖ ನೋಡಲಾಗಲಿಲ್ಲ. ಇದು ನನ್ನ ದೂರು. ಸಿಟ್ಟಿನಿಂದ ಬರೆಯುತ್ತಿದ್ದೇನೆಂದು ಭಾವಿಸಬೇಡಿ. ಸಿಟ್ಟು ಬರಲೆಂದು ಮೂರು ವಾರ ಕಾದೆ, ಬರಲಿಲ್ಲ. ಉಣ್ಣುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಯಾವುದೂ ಒಳಗೆ ತಾಕುವುದಿಲ್ಲ.

ಅಕ್ಕ ಮೂರನೆಯ ಹಾಸಿಗೆಯಲ್ಲಿ ಆರು ದಿನ ಇದ್ದಳು. ಸ್ಥಿತಿ ತೀರಾ ಗಂಭೀರವಾದ ಹೊರತು ಒಳಗೆ ಬಿಡುವುದಿಲ್ಲ, ಫಲಕ ನೋಡಿಕೊಂಡು ಹೋಗಬೇಕೆಂಬುದು ತಮ್ಮ ನಿಯಮ. ಕಾವಲುಗಾರನನ್ನು ಕೇಳಿದರೆ, "ಬೋರ್ಡ್ ನೋಡಿ ಸಾರ್, ಅದರಲ್ಲೇ ಇದೆಯಲ್ಲ" ಎನ್ನುತ್ತಿದ್ದ. ಐದನೆಯ ದಿನ ಬೇರೆ ಊರಿನಲ್ಲಿ ಓದುತ್ತಿದ್ದ ಅಕ್ಕನ ಮಗಳು ಫೋನ್ ಮಾಡಿದಳು.

"ಮಾವ, ನಾಳೆ ಕೊನೇ ಪರೀಕ್ಷೆ. ಬಿಟ್ಟು ಹೊರಟು ಬರ್ಲಾ?"

"ಬೇಡ ಕಣಮ್ಮ, ಸ್ಟೇಬಲ್ ಅಂತ ಹಾಕಿದಾರೆ. ಬರ್ಕೊಂಡೇ ಬಾ."

"ಹಂಗಂದ್ರೆ ಗಾಬರಿ ಏನಿಲ್ಲ ತಾನೆ?"

ಏನಿಲ್ಲ ಎಂದೆ. ಮರುದಿನ ಅವಳು ಪರೀಕ್ಷೆ ಬರೆಯುತ್ತಿದ್ದ ಹೊತ್ತಿಗೆ ಅಕ್ಕ ತೀರಿಕೊಂಡಳು.

ತಮ್ಮ ವೈದ್ಯರನ್ನು ವಿಚಾರಿಸಿದೆ. "ಸ್ಟೇಬಲ್ ಅಂದ್ರೆ ಇದ್ದ ಹಾಗೇ ಇದಾರೆ ಅಂತ. ವಾಸಿಯಾಗ್ತಿದಾರೆ ಅಂತ ನಾವ್ಯಾವಾಗ ಹೇಳಿದ್ವಿ?" ಎಂದರು. ಇದ್ದ ಹಾಗೇ ಎಂದರೆ ಹೇಗಿದ್ದ ಹಾಗೆ? ನಾಳೆ ಮನೆಗೆ ಹೊರಡುವವರೂ ಸ್ಟೇಬಲ್, ನಾಳೆ ಸಾಯುವವರೂ ಸ್ಟೇಬಲ್. ಇಬ್ಬರಿಗೂ ಒಂದೇ ಪದ ಸಾಕೆಂದು ಕಂಡುಕೊಂಡ ತಮ್ಮ ಮಿತವ್ಯಯ ಶ್ಲಾಘನೀಯ. ಹೊರಗೆ ಬೆಂಚಿನ ಮೇಲೆ ಕುಳಿತವರು ಅದಕ್ಕೆ ಯಾವ ಅರ್ಥ ಹಚ್ಚಿಕೊಳ್ಳುತ್ತಾರೆಂಬುದು ತಮಗೆ ನಿಜಕ್ಕೂ ಗೊತ್ತಿಲ್ಲವೆ? ಅಥವಾ ಬೆಂಚು ಗಲಾಟೆ ಮಾಡದಿರಲಿ ಎಂದೇ ಆ ಪದವೆ?

ಇನ್ನು ಹೇಳಲು ಕಷ್ಟವಾದ ಮಾತು. ಆ ಫಲಕ ಬರೆದವನು ನಾನೇ. ಬೋರ್ಡು ಬರೆಯುವುದು ನನ್ನ ಕಸುಬು. ಕಪ್ಪು ಹಲಗೆ, ಎಂಟು ಸಾಲು. ಹಾಸಿಗೆ, ಹೆಸರು, ಸ್ಥಿತಿ ಎಂದು ಮೂರು ಅಂಕಣ. ಹೆಸರಿನ ಜಾಗದಂತೆ ಸ್ಥಿತಿಯ ಜಾಗವನ್ನೂ ಸೀಮೆಸುಣ್ಣಕ್ಕೆಂದು ಖಾಲಿ ಬಿಡಲು ಹೊರಟಾಗ ತಮ್ಮ ಗುಮಾಸ್ತರು, "ಅಲ್ಲೂ ಪೇಂಟಲ್ಲೇ ಸ್ಟೇಬಲ್ ಅಂತ ಬರ್ದ್ಬಿಡಿ. ದಿನಾ ಯಾರು ಬರೀತಾರೆ? ಏನಾದ್ರೂ ಬದಲಾದ್ರೆ ಮೇಲೆ ಚೀಟಿ ಅಂಟಿಸ್ತೀವಿ" ಎಂದರು. ಬರೆದುಕೊಟ್ಟೆ. ರೋಗಿಗಳು ಬರುವ ಮೊದಲೇ ಎಂಟೂ ಹಾಸಿಗೆ ಸ್ಟೇಬಲ್ ಆದವು. ಇಷ್ಟು ಗೊತ್ತಿದ್ದವನು ನಂಬಿದ್ದಾದರೂ ಹೇಗೆ? ಚೀಟಿ ಇಲ್ಲವಲ್ಲ ಎಂದು ನಂಬಿದೆ. ಇಂದಿನವರೆಗೆ ಅಲ್ಲಿ ಒಂದು ಚೀಟಿಯನ್ನೂ ಯಾರೂ ಅಂಟಿಸಿಲ್ಲವೆಂದು ಆಮೇಲೆ ತಿಳಿಯಿತು.

ಅಕ್ಕನ ಮಗಳು ಬರುವಷ್ಟರಲ್ಲಿ ಅವಳ ಅಮ್ಮನ ಹೆಸರನ್ನು ಒರೆಸಿದ್ದರು. ಪಕ್ಕದ ಪದ ಹಾಗೇ ಇತ್ತು. ಅವಳು ಬಹಳ ಹೊತ್ತು ನೋಡಿದಳು. ಅವಳಿಗೆ ಅಕ್ಷರ ತಿದ್ದಿಸಿದವನು ನಾನು.

"ಮಾವ, ಇದು ನಿಮ್ಮ ಅಕ್ಷರ ಅಲ್ವಾ?"

ಹೌದೆಂದೆ. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ.

ಆ ಅಂಕಣದ ಮೇಲೆ ಕಪ್ಪು ಬಣ್ಣ ಬಳಿಯಲು ನನಗೆ ಅನುಮತಿ ಕೊಡಿ. ಬಣ್ಣ, ಕುಂಚ ನಾನೇ ತರುತ್ತೇನೆ, ಅರ್ಧ ಗಂಟೆಯ ಕೆಲಸ. ಅಲ್ಲಿ ಬೇರೆ ಪದ ಬರೆಸಬೇಡಿ. ದಿನಕ್ಕೊಮ್ಮೆ ಒಳಗಿನವರೊಬ್ಬರು ಹೊರಗೆ ಬಂದು ಬಾಯಿಬಿಟ್ಟು ಹೇಳಲಿ. ದೂರದಲ್ಲಿರುವವರನ್ನು ಕರೆಸಿಕೊಳ್ಳಿ ಎನ್ನಬೇಕಾದ ದಿನ ಅಷ್ಟನ್ನೇ ಹೇಳಲಿ. ಬೇಗ ಅನುಮತಿ ಕೊಡಿ. ಮೂರನೆಯ ಹಾಸಿಗೆಗೆ ಆಗಲೇ ಇನ್ನೊಬ್ಬರು ಬಂದಿದ್ದಾರೆ. ನಿನ್ನೆ ಅವರ ಮಗ ಫಲಕದ ಮುಂದೆ ನಿಂತು, ಫೋನಿನಲ್ಲಿ ಯಾರಿಗೋ ಆ ಪದವನ್ನು ಓದಿ ಹೇಳುತ್ತಿದ್ದ.

ಇಂತಿ,
ಅದನ್ನು ಎಂಟು ಸಲ ಅಂದವಾಗಿ ಬರೆದವನು