ಗೋಡೆಯ ಸಮುದ್ರದಲ್ಲಿ ಒಂದು ದೋಣಿ

ನನ್ನ ಅಪ್ಪಾ,

ಆ ದೊಡ್ಡ ಫೋಟೋ ಹೊತ್ತು ನಾನು ನಾಗಪುರದ ಪ್ರತಾಪ ನಗರದ ನಮ್ಮ ಮನೆಗೆ ಬಂದ ದಿನ, ನೀನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದೆ, ನೆನಪಿದೆಯಾ? ಡ್ರೋನ್ ಹಾರಿಸಿ, ಆಕಾಶದಿಂದ ನೇರ ಕೆಳಕ್ಕೆ ನೋಡಿ ತೆಗೆದ ಸಮುದ್ರ ಅದು. ದಂಡೆಯಿಲ್ಲ, ಮನುಷ್ಯರಿಲ್ಲ, ನೀಲಿ ನೀರು, ಬಿಳಿ ನೊರೆ, ಅಷ್ಟೇ. ಜನ ಇಂಥವನ್ನು ಮನೆಯ ಗೋಡೆಗೆ ಹಾಕಲು ನನ್ನಿಂದ ಕೊಳ್ಳುತ್ತಾರೆಂದರೆ ನೀನು ನಂಬಲೇ ಇಲ್ಲ. “ಬರೇ ನೀರ ಐತಲ್ಲವಾ! ಒಂದ ದೋಣಿನಾದ್ರೂ ಬ್ಯಾಡೇನು?” ಅಂದೆ. ಖಾಪರಖೇಡಾದ ಕಲ್ಲಿದ್ದಲು ವಿದ್ಯುತ್ ಕೇಂದ್ರದಲ್ಲಿ ನೌಕರಿಯುದ್ದಕ್ಕೂ ಬೂದಿ ನುಂಗಿದವನು, ಒಂದು ಸಲವೂ ಸಮುದ್ರ ನೋಡದವನು, ನನ್ನ ಫೋಟೋದಲ್ಲಿ ಕೊಂಕು ಹುಡುಕುತ್ತೀಯಲ್ಲ ಎಂದು ನನಗೆ ಉರಿದುಹೋಗಿತ್ತು.

ಅದನ್ನು ನೀರು ತುಂಬಿ ಹಚ್ಚುವ ಕೂಲರ್ ಎದುರಿನ ಗೋಡೆಗೇ ಹಾಕಬೇಕೆಂದು ನೀನು ಹಟ ಹಿಡಿದೆ. ಅದರ ಹಸಿಗಾಳಿಗೆ ಕೆಡುತ್ತದೆ ಅಂತ ನಾನು ಎಷ್ಟು ಬಡಕೊಂಡೆ! “ಸಮುದ್ರಕ್ಕ ಗಾಳಿ ಬ್ಯಾಡೇನು?” ಅಂದೆ ನೀನು. ಗಾಜು ಹಾಕಿಸೋಣವೆಂದರೆ, “ಗಾಜಿನ್ಯಾಗ ಕನ್ನಡಿಯಂಗ ನಮ್ಮ ಮಾರೀನ ಕಾಣತೈತಿ” ಎಂದು ಅದಕ್ಕೂ ಒಪ್ಪಲಿಲ್ಲ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ನಡುನೀರಿನಲ್ಲಿ ಬಿಳಿ ಕಲೆ ಎದ್ದಿತು. ನಾನು ತಲೆ ಚಚ್ಚಿಕೊಂಡರೆ ನೀನು ಚಪ್ಪಾಳೆ ತಟ್ಟಿದೆ. “ಬಂತ ನೋಡ, ದೋಣಿ!” ಆಮೇಲೆ ಪ್ರತಿ ಬೇಸಿಗೆಗೂ ಆ ಕಲೆ ಹಬ್ಬುತ್ತಾ ಅಂಚಿನ ಕಡೆಗೆ ಸರಿಯುತ್ತಿತ್ತು.

ಕೊನೆಕೊನೆಗೆ ನಿನಗೆ ನನ್ನ ಹೆಸರೂ... ಇರಲಿ. ದೋಣಿಯನ್ನು ಮಾತ್ರ ನೀನು ಮರೆಯಲಿಲ್ಲ. ಅವ್ವನ ಕೈ ಹಿಡಿದು, “ಅದರಾಗ ನಾ ಅದೀನಿ, ಕಾಣಸ್ತೀನೇನು?” ಎಂದು ಕೇಳುತ್ತಿದ್ದೆ. “ಕಾಣಸ್ತೀರಿ, ಚಲೋತಂಗ ಕಾಣಸ್ತೀರಿ” ಎನ್ನುತ್ತಿದ್ದಳು ಅವ್ವ. ನಾನು ಅಡುಗೆಮನೆಗೆ ಹೋಗಿ ಅತ್ತು ಬರುತ್ತಿದ್ದೆ.

ನೀನು ಚಳಿಗಾಲದಲ್ಲಿ ಹೋದೆ. ಬೇಸಿಗೆ ಬಂದರೂ ಅವ್ವ ಕೂಲರ್ ಮುಟ್ಟಲು ಬಿಡಲಿಲ್ಲ. “ಹಚ್ಚಿದರ ಕಲೆ ಇನ್ನೂ ಹಬ್ಬತೈತಿ. ದೋಣ್ಯಾಗಿನ ಅವರು ಅಳಿಸಿ ಹೋಗತಾರ.” ನಾಗಪುರದ ಮೇ ತಿಂಗಳು, ಅಪ್ಪಾ! ಕೈಬೀಸಣಿಗೆ ಹಿಡಿದು ಬೆವರುತ್ತಾ ಅದನ್ನೇ ನೋಡುತ್ತಾ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ಅಲ್ಲೇ ಎಚ್ಚರ ತಪ್ಪಿ ಬಿದ್ದಳು. ಡಾಕ್ಟರು ನನ್ನನ್ನೇ ಬೈದರು. ಫೋಟೋ ಒಳಗಿನ ಕೋಣೆಗೆ ಹಾಕುತ್ತೇನೆಂದರೆ, “ಅವರು ಹಾಕಿದ್ದ ಜಾಗಾ ಅದು, ಕೈ ಹಚ್ಚಬ್ಯಾಡ” ಎಂದಳು. ನಿನ್ನ ಹಿಂದೆ ಅವಳನ್ನೂ ಕಳೆದುಕೊಳ್ಳುತ್ತೇನೆಂದು ನನಗೆ ಜೀವ ಬಾಯಿಗೆ ಬಂದಿತ್ತು. ನೀನಿದ್ದಿದ್ದರೆ ಏನು ಹೇಳುತ್ತಿದ್ದೆ?

ಮೊನ್ನೆ ನಾನೊಂದು ಉಪಾಯ ಮಾಡಿದೆ. ಗೋಡೆಯ ಮೇಲಿನ ಫೋಟೋದ್ದೇ ಫೋಟೋ ತೆಗೆದು, ನಿನ್ನ ದೋಣಿ ಸಮೇತ ಹೊಸದಾಗಿ ಪ್ರಿಂಟ್ ಹಾಕಿಸಿ, ಗಾಜಿನೊಳಗೆ ಭದ್ರಮಾಡಿ ತಂದೆ. “ಇದು ಎಂದೂ ಕೆಡೂದಿಲ್ಲವ್ವಾ. ಇನ್ನರೆ ಕೂಲರ್ ಹಚ್ಚು.”

ಅವ್ವ ಬಹಳ ಹೊತ್ತು ನೋಡಿದಳು.

“ಇದರಾಗ ದೋಣಿ ನಿಂತಬಿಟ್ಟೈತಿ” ಎಂದಳು. “ನಾನೂ ಕೂಲರ್ ಬಂದ್ ಇಟ್ಟು ಇದನ್ನ ಮಾಡಾಕತ್ತಿದ್ನಲ್ಲ? ನಡುನೀರಾಗ ಹಿಡದ ನಿಲ್ಲಿಸಿದ್ರ ಅವರು ದಂಡಿ ಎಂದ ಮುಟ್ಟಬೇಕು?”

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ತಾನೇ ಬಕೆಟ್ ತಂದು ಕೂಲರಿಗೆ ನೀರು ತುಂಬಿದಳು, ಅಪ್ಪಾ. ಗುಂಡಿ ಒತ್ತಿ, ಹಳೆಯ ಫೋಟೋದ ಕಡೆಗೆ ತಿರುಗಿ, “ಹೋಗಿ ಬರ್ರಿ” ಎಂದಳು.