ಗುರಿ ತಪ್ಪದವನ ಅಂಗಿ

ಹೆಮ್‌ಲಾಕ್ ಹಳ್ಳ, ಪೆನ್ಸಿಲ್ವೇನಿಯ
ಡಿಸೆಂಬರ್ ೧೪

ಪ್ರೀತಿಯ ತಮ್ಮ ಕ್ಲೇಟನ್,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಕೊರಳಿಗೆ ಪಟ್ಟಿ ಕಟ್ಟಿದ ಜಿಂಕೆಗಳ ಹಿಂದೆ ಹಿಮದಲ್ಲಿ ಒದ್ದೆ ಬೂಟು ಹಾಕಿಕೊಂಡು ತಿರುಗಿದರೆ ಕೆಮ್ಮು ಬರದೆ ಹಾಡು ಬರುತ್ತದೆಯೇ? ನಾನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊ, ನಿನ್ನ ವನ್ಯಜೀವಿ ಇಲಾಖೆಯವರು ಕೊಟ್ಟ ತೆಳ್ಳನೆಯದನ್ನಲ್ಲ. ನನ್ನ ಮಂಡಿನೋವು ಹಾಗೇ ಇದೆ. ಅಪ್ಪ ಚೆನ್ನಾಗಿದ್ದಾನೆ ಎಂದು ಬರೆಯಬೇಕು, ಬರೆಯಲಾರೆ. ಬೇಟೆಯ ಕಾಲ ಮುಗಿಯುವ ಮೊದಲೇ ಕೋವಿ ಒರೆಸಿ, ಎಣ್ಣೆ ಹಚ್ಚಿ, ಬೀರುವಿಗೆ ಸೇರಿಸಿ, ಬೀಗದ ಕೈ ನನ್ನ ಕೈಗೆ ಕೊಟ್ಟುಬಿಟ್ಟ. ತಟ್ಟೆಯ ಮುಂದೆ ಕೂರುತ್ತಾನೆ, ತಿನ್ನುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಕ್ರಿಸ್‌ಮಸ್‌ಗೆ ಮನೆಗೆ ಬಾ.

ಬರುವುದಿಲ್ಲ ಅನ್ನುತ್ತೀಯ, ಗೊತ್ತು. ನಿನಗೂ ಅಪ್ಪನಿಗೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎರಡು ವರ್ಷದ ಹಿಂದೆ ಬೇಟೆಯ ಮೊದಲ ದಿನ ಕಾಡಿನ ಬಿಡಾರದಲ್ಲಿ ಆದದ್ದನ್ನು ನಾನೂ ಮರೆತಿಲ್ಲ. ಜಿಂಕೆ ಮರಿ, ಟರ್ಕಿ ಕೋಳಿ ಎರಡೂ ಕಡಿಮೆಯಾದದ್ದಕ್ಕೆ ಎಲ್ಲರೂ ಕಾಯೋಟಿಗಳಿಗೆ, ಆ ಬೂದು ಕುಳ್ಳ ತೋಳಗಳಿಗೆ, ಶಾಪ ಹಾಕುತ್ತಿದ್ದರು. ನೀನು ಸುಮ್ಮನಿರಬಾರದಿತ್ತೇ? "ಬರೀ ಕಾಯೋಟಿ ಕಾರಣ ಅಲ್ಲ. ಜಿಂಕೆಗೆ ಅಂತ ನೀವು ಸುರಿಯೋ ಮೆಕ್ಕೆಜೋಳ ಆ ಪಟ್ಟೆಬಾಲದ ಕಳ್ಳ ರಕೂನ್‌ಗಳಿಗೆ ಅನ್ನಛತ್ರ ಆಗಿದೆ. ಅವು ಇಲ್ಲಿ ಉಂಡು, ಟರ್ಕಿ ಗೂಡಲ್ಲಿ ಮೊಟ್ಟೆ ಕುಡಿದು ಹೋಗ್ತವೆ" ಅಂದೆ. ವರ್ನನ್ ಚಿಕ್ಕಪ್ಪ "ಬಂದ್ನಪ್ಪ ಕಾಯೋಟಿಗಳ ಲಾಯರ್ರು! ಫೀಸು ಏನ್ ಕೊಡ್ತವೋ, ಇಲಿನೋ ಮೊಲಾನೋ?" ಅಂದದ್ದಕ್ಕೆ ಬಿಡಾರವೇ ಹಾರಿಹೋಗುವ ಹಾಗೆ ನಕ್ಕರು. ಗುರಿ ತಪ್ಪಿದವನ ಅಂಗಿಯ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ನಮ್ಮಜ್ಜನ ಕಾಲದ ಪದ್ಧತಿ. ನೀನು ಅಂದು ಒಂದು ಗುಂಡನ್ನೂ ಹಾರಿಸಿರಲಿಲ್ಲ. ಆದರೂ ಅಪ್ಪ ಕತ್ತರಿ ತಂದ. "ಓದಿ ಓದಿ ಗುರಿ ತಪ್ಪಿದೋನು ಇವ್ನು" ಅಂತ ನಿನ್ನ ಅಂಗಿ ಕತ್ತರಿಸಿ ಗೋಡೆಗೆ ಹೊಡೆದ. ನೀನು ಅಂದೇ ಹೊರಟೆ. ಬಾಡಿಗೆ ಕೋಣೆಯಲ್ಲಿ ನಾಯಿ ಸಾಕಲು ಬಿಡುವುದಿಲ್ಲವೆಂದು ನಿನ್ನ ಬೂದು ಬಣ್ಣದ ಟಿಲ್ಲಿಯನ್ನು ನನ್ನ ಮಡಿಲಿಗೆ ಹಾಕಿ ಹೋದೆ.

ಆಮೇಲೆ ಈ ಗಂಡಸರು ಮಾಡಿದ ಘನಕಾರ್ಯ ಕೇಳು. ಎರಡು ಚಳಿಗಾಲ ಕಂಡಕಂಡ ಕಾಯೋಟಿಯನ್ನೆಲ್ಲ ಹೊಡೆದು ಬೇಲಿಗೆ ನೇತುಹಾಕಿದರು. ಬಟ್ಟೆ ಒಣಹಾಕಲು ಹೋದರೆ ಅವುಗಳ ಹಲ್ಲು ನೋಡಿಕೊಂಡು ಹರವಬೇಕು. ಟರ್ಕಿ ಹೆಚ್ಚಿದವೇ? ಈ ವಸಂತದಲ್ಲಿ ಅಪ್ಪ ತಾನೇ ಕೆತ್ತಿದ ಮರದ ಡಬ್ಬಿಯನ್ನು ಉಜ್ಜಿ ಹೇಂಟೆಯ ಕೂಗು ಕೂಗಿಸಿದರೆ ಗುಡ್ಡದಿಂದ ಒಂದು ಹುಂಜವೂ ಓಗೊಡಲಿಲ್ಲ. ಸೇಬಿನ ಮರಗಳ ಹಿಂದೆ ನಾನು ಕಂಡ ಗೂಡುಗಳಲ್ಲೆಲ್ಲ ಬರೀ ಚಿಪ್ಪು. ರಕೂನ್‌ಗಳು ಮಾತ್ರ ಮೆಕ್ಕೆಜೋಳದ ಪೀಪಾಯಿ ತಬ್ಬಿಕೊಂಡು ಮಲಗುವಷ್ಟು ಕೊಬ್ಬಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಹಾಗಂತ ನೀನೂ ಬೀಗಬೇಡ. ಜೂನ್‌ನಲ್ಲಿ ಉಳಿದೊಂದು ಕಾಯೋಟಿ ಮೈಮೇಲಿನ ಚುಕ್ಕೆ ಮಾಸದ ಜಿಂಕೆ ಮರಿಯನ್ನು ನನ್ನ ಕಣ್ಣೆದುರೇ ಎಳೆದೊಯ್ದಿತು. ತಾಯಿ ಸಂಜೆಯವರೆಗೂ ಅಲ್ಲೇ ಕಾಲು ಬಡಿಯುತ್ತಾ ನಿಂತಿತ್ತು, ನನಗೆ ಅನ್ನ ಸೇರಲಿಲ್ಲ. ಇನ್ನೊಂದು ಮರಿಯನ್ನು ಕರಡಿ ತಿಂದಿತು. ಅಡಗಲು ಪೊದೆ ಇದ್ದರೆ ಮರಿ ಉಳಿಯುತ್ತದೆ ಅನ್ನುತ್ತಿದ್ದೆಯಲ್ಲ, ಆ ಪೊದೆಯನ್ನು ದೊಡ್ಡ ಜಿಂಕೆಗಳೇ ಮೇಯ್ದು ಬೋಳಿಸಿವೆ, ಅದಕ್ಕೇನು ಮಾಡೋಣ? ನಿಮ್ಮಿಬ್ಬರದೂ ಅರ್ಧರ್ಧ ನಿಜ. ಆ ಅರ್ಧ ಹಿಡಿದುಕೊಂಡೇ ಇಬ್ಬರೂ ಮುಖ ತಿರುಗಿಸಿ ಕೂತಿರಿ, ನಡುವೆ ಬೆಂದವಳು ನಾನು.

ಈ ಸಲ ಗುರಿ ತಪ್ಪಿ ಅಂಗಿ ಕಳೆದುಕೊಂಡವನು ವರ್ನನ್ ಚಿಕ್ಕಪ್ಪ. ಅಪ್ಪ ದೊಡ್ಡ ಗಂಡು ಜಿಂಕೆ ಹೊಡೆದ. ಎಂದಿನಂತೆ ಕರುಳನ್ನು ಅಲ್ಲೇ ಬಿಟ್ಟು ಬಂದು, ಮರುಸಂಜೆ ಅದರ ವಾಸನೆಗೆ ಬರುವ ಕಾಯೋಟಿಗಾಗಿ ಕಾದು ಕೂತ. ಅಂದೇ ಕೋವಿ ಬೀರು ಸೇರಿತು, ಊಟವೂ ಬಿಟ್ಟಿತು. ನಿನಗೆಂದು ಜಿಂಕೆ ಮಾಂಸದ ಸಾಸೇಜು ಎತ್ತಿಟ್ಟಿದ್ದೇನೆ.

ಅಮ್ಮ ಇದ್ದಿದ್ದರೆ ಇಬ್ಬರ ಕಿವಿಯನ್ನೂ ಹಿಂಡಿ ಒಂದೇ ಮೇಜಿಗೆ ಕೂರಿಸುತ್ತಿದ್ದಳು. ನನ್ನ ಕೈಯಲ್ಲಿ ಆ ಬಲವಿಲ್ಲ. ದೇವರು ನಿನ್ನನ್ನು ಬೆಚ್ಚಗಿಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಅರ್ಲೀನ್

ಮತ್ತೊಂದು ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಟಿಲ್ಲಿ ಇಲ್ಲ, ಕ್ಲೇಟನ್. ಆ ಸಂಜೆ ಬಾಗಿಲ ಸಂದಿಯಲ್ಲಿ ನುಸುಳಿ ಕರುಳಿನ ವಾಸನೆ ಹಿಡಿದು ಹೋಗಿತ್ತು. ಬೇಟೆಗಾರರ ಕಣ್ಣಿಗೆ ಬೀಳಲೆಂದು ಅದರ ಕೊರಳಿಗೆ ಕಟ್ಟುವ ಕಿತ್ತಳೆ ಬಣ್ಣದ ಪಟ್ಟಿ ಇಲ್ಲೇ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅಪ್ಪ ಮಬ್ಬಿನಲ್ಲಿ ಬೂದು ಬೆನ್ನನ್ನಷ್ಟೇ ಕಂಡ. ಒಂದೇ ಗುಂಡು. ತನ್ನ ಕೋಟಿನಲ್ಲಿ ಸುತ್ತಿ ಬಿಡಾರಕ್ಕೆ ಎತ್ತಿಕೊಂಡು ಹೋದ. ಆಮೇಲೆ ತಾನೇ ಕತ್ತರಿ ತೆಗೆದು ತನ್ನ ಅಂಗಿಗೆ ಹಾಕಿದನಂತೆ. ಚಿಕ್ಕಪ್ಪ "ಬೇಡಣ್ಣ, ನೀನೇನು ಗುರಿ ತಪ್ಪಿಲ್ಲ" ಅಂದರೆ, "ತಪ್ಪಿದ್ರೆ ಎಷ್ಟು ಚೆನ್ನಾಗಿತ್ತೋ" ಅಂದನಂತೆ. ಆ ತುಂಡು ಈಗ ಗೋಡೆಯ ಮೇಲೆ ನಿನ್ನ ಅಂಗಿ ತುಂಡಿನ ಪಕ್ಕದಲ್ಲಿದೆ. ನಿನಗೆ ಹೇಳಬೇಡ ಅಂದಿದ್ದಾನೆ, ಹೇಳಿದ್ದೇನೆ. ಬೈಯುವುದಿದ್ದರೆ ಬಂದು ಎದುರಿಗೇ ಬೈ. ಅವನು ಅದಕ್ಕೇ ಕಾದು ಕೂತಿದ್ದಾನೆ.