ಮೂರನೆಯ ಸಾಲಿನ ಲಿಬ್ರಾದಾಳನ್ನು ಬೀರುವಿನಿಂದ ಹೊರಗೆ ಬಿಡಿ

ಪಠ್ಯಕ್ರಮ ವಿಭಾಗದ ಮಾನ್ಯ ನಿರ್ದೇಶಕರೇ,

ಮೆಕ್ಸಿಕೋ ನಗರದ ಸರ್ಕಾರಿ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಚರಿತ್ರೆ ಕಲಿಸುತ್ತಿರುವವಳು ನಾನು. ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ತಮ್ಮ ಕಚೇರಿಗೆ ಕಳಿಸಿದ ಮೂರು ಪತ್ರಗಳ ಗತಿ ಏನಾಯಿತೆಂದು ತಮಗೇ ಗೊತ್ತು. ಏಪ್ರಿಲ್ ತಿಂಗಳ ಒಂದು ಮಂಗಳವಾರ ತಾವು ಒಂದೂವರೆ ಸಾಲಿನ ಆದೇಶದಿಂದ ‘ಜನಪ್ರಿಯ ಸಿನಿಮಾ: ಸಮಾಜ ಮತ್ತು ಚರಿತ್ರೆ’ ಎಂಬ ನನ್ನ ಪಾಠವನ್ನು ರದ್ದುಪಡಿಸಿದಿರಿ. ‘ಕ್ಯಾಬರೆ ಚಿತ್ರಗಳಂಥ ಅಭಿರುಚಿಹೀನ ಸರಕಿಗೆ ವಿದ್ಯಾಸಂಸ್ಥೆಯಲ್ಲಿ ಸ್ಥಾನವಿಲ್ಲ’ ಎಂಬುದು ಕಾರಣ. ಅಂದೇ ಪ್ರದರ್ಶನದ ಕೊಠಡಿಗೆ ಬೀಗ ಬಿತ್ತು, ರೀಲುಗಳ ಬೀರುವಿಗೆ ಮೊಹರು ಬಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಒಡೆದ ಕಿಟಕಿಗೊಂದು ಗಾಜು ಹಾಕಿಸಲಾಗದ ಇಲಾಖೆ ಅರ್ಧ ದಿನದಲ್ಲಿ ಇಷ್ಟು ಕೆಲಸ ಮಾಡಿದ್ದಕ್ಕೆ ಮೊದಲು ಅಭಿನಂದನೆಗಳು.

ಅಭಿರುಚಿಯ ಮಾತು ಎತ್ತಿದವರು ತಾವು, ಆದ್ದರಿಂದ ಕೇಳುತ್ತೇನೆ. ಹಳ್ಳಿಯ ಹುಡುಗಿ ನಗರಕ್ಕೆ ಬರುತ್ತಾಳೆ, ಮೋಸ ಹೋಗುತ್ತಾಳೆ, ಕ್ಯಾಬರೆಯಲ್ಲಿ ಕುಣಿಯುತ್ತಾಳೆ, ಕೊನೆಯ ರೀಲಿನಲ್ಲಿ ಗುಂಡು ತಿಂದು ಸಾಯುತ್ತಾಳೆ. ನಮ್ಮ ತಾತ ಮುತ್ತಾತಂದಿರು ಈ ಒಂದೇ ಕಥೆಯನ್ನು ವರ್ಷಗಟ್ಟಲೆ, ಚಿತ್ರದ ಮೇಲೆ ಚಿತ್ರ, ಟಿಕೇಟು ಕೊಂಡು ನೋಡಿದರು. ಒಂದು ಊರು ಒಂದೇ ಜಾಗವನ್ನು ಮತ್ತೆ ಮತ್ತೆ ಕೆರೆದುಕೊಳ್ಳುತ್ತಿದ್ದರೆ ಅಲ್ಲೊಂದು ಹುಣ್ಣಿದೆ ಎಂದು ಅರ್ಥವಲ್ಲವೇ? ಆ ಹುಣ್ಣು ಯಾವುದೆಂದು ಕೇಳುವುದೇ ನಮ್ಮ ಪಾಠ. ಆಗ ಬಸ್ಸು ತುಂಬ ಹೆಣ್ಣುಮಕ್ಕಳು ಹಳ್ಳಿ ಬಿಟ್ಟು ಬರುತ್ತಿದ್ದರು, ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ಒಬ್ಬೊಬ್ಬರೇ ಬಾಡಿಗೆ ಕೋಣೆ ಹಿಡಿಯುತ್ತಿದ್ದರು. ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕೂ ಅವರಿಗಿರಲಿಲ್ಲ. ನಗರ ಅವರನ್ನು ಕಂಡು ಆಸೆಯನ್ನೂ ಪಟ್ಟಿತು, ಹೆದರಿಯೂ ಹೆದರಿತು. ತೆರೆಯ ಮೇಲೆ ಕುಣಿಸಿತು, ಆಮೇಲೆ ಕೊಂದಿತು, ಕೊಂದು ನೆಮ್ಮದಿಯಾಗಿ ಮನೆಗೆ ಹೋಗಿ ಊಟ ಮಾಡಿತು. ಇದು ಚರಿತ್ರೆಯಲ್ಲವೆನ್ನುವುದಾದರೆ ಚರಿತ್ರೆ ಯಾವುದು? ಸೇನಾಪತಿಗಳ ಮೀಸೆಯೇ?

ಮಾರ್ಚಿನಲ್ಲಿ ನನ್ನ ವಿದ್ಯಾರ್ಥಿನಿ ಮಾರೆಲಿ ತನ್ನ ನೆರೆಮನೆಯ ಅಜ್ಜಿ ಓಬ್ದುಲಿಯಾ ಅವರನ್ನು ತರಗತಿಗೆ ಕರೆತಂದಳು. ಎಂಬತ್ತನಾಲ್ಕರ ಮುದುಕಿ, ಇಂದಿಗೂ ರವಿಕೆ ಹೊಲಿಯುತ್ತಾರೆ. ನಾವು ನೋಡುತ್ತಿದ್ದದ್ದು ಸಾವಿರದ ಒಂಬೈನೂರ ಐವತ್ತರ ಒಂದು ಚಿತ್ರ. ಅದರ ಪ್ರತಿ ನಮ್ಮ ಕಾಲೇಜಿನ ಹೊರಗೆ ಎಲ್ಲಾದರೂ ಉಳಿದಿದೆಯೆಂದು ನನಗಂತೂ ತಿಳಿದಿಲ್ಲ. ನಾಯಕಿಯ ಹಿಂದೆ ನರ್ತಕಿಯರ ಸಾಲುಗಳು ಬರುತ್ತಿದ್ದಂತೆ ಅಜ್ಜಿ ಎದ್ದು ನಿಂತುಬಿಟ್ಟರು.

“ನಿಲ್ಸಿ, ನಿಲ್ಸಿ! ಮೂರನೇ ಸಾಲು, ಎಡಗಡೆ ಕೊನೇಲಿರೋಳು ನಾನೇ ಕಣ್ರೇ!”

“ಅಯ್ಯೋ ಅಜ್ಜಿ, ಕಾಲನ್ನ ಅಷ್ಟೆತ್ತರ ಎತ್ತಿದೀರಲ್ಲ!” ಎಂದಳು ಮಾರೆಲಿ.

“ಎತ್ತಿದ್ದೆ ಕಣೇ. ಈಗ ಎತ್ತಿದ್ರೆ ಇಳಿಸೋಕೆ ಡಾಕ್ಟ್ರು ಬರ್ಬೇಕು.”

ತರಗತಿ ಘೊಳ್ಳೆಂದು ನಕ್ಕಿತು. ಅಜ್ಜಿ ನಗಲಿಲ್ಲ. ತೆರೆಯ ಹತ್ತಿರ ಹೋಗಿ ಪಕ್ಕದ ಹುಡುಗಿಯ ಮುಖದ ಮೇಲೆ ಬೆರಳಿಟ್ಟರು. “ಇವಳು ಲಿಬ್ರಾದಾ.”

ಇಬ್ಬರೂ ಹಳ್ಳಿಯಿಂದ ಬಂದು ಶರ್ಟಿನ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದ ಗೆಳತಿಯರು, ರಜೆಯ ದಿನ ಸ್ಟುಡಿಯೋದಲ್ಲಿ ಗುಂಪಿನಲ್ಲಿ ಕುಣಿಯುತ್ತಿದ್ದರು. ಚಿತ್ರ ತೆರೆಕಂಡಾಗ ಲಿಬ್ರಾದಾಳ ಕಂಕುಳಲ್ಲಿ ಎರಡು ತಿಂಗಳ ಹೆಣ್ಣುಮಗುವಿತ್ತು, ಗಂಡನಿರಲಿಲ್ಲ. ಮನೆಯೊಡತಿ ಚಿತ್ರ ನೋಡಿದಳು, ಬಾಡಿಗೆಯವಳ ಮುಖ ಗುರುತಿಸಿದಳು. “ಇಂಥೋರ ಗತಿ ಕೊನೆಗೆ ಏನಾಗುತ್ತೆ ಅಂತ ನಾನೂ ನೋಡ್ಕೊಂಡ್ ಬಂದಿದೀನಿ, ನಡಿಯೇ ಆಚೆ” ಎಂದು ಬೀದಿಗೆ ದಬ್ಬಿದಳು. ಅವಳ ಪೆಟ್ಟಿಗೆಯನ್ನೂ ಕೊಡಲಿಲ್ಲ. ವಾರದೊಳಗೆ ಕಾರ್ಖಾನೆಯ ಕೆಲಸವೂ ಹೋಯಿತು. ಮಗುವನ್ನು ಪುಯೆಬ್ಲಾ ನಗರದ ಅನಾಥಾಲಯಕ್ಕೆ ಒಪ್ಪಿಸಿದ ಲಿಬ್ರಾದಾ ಮರುವರ್ಷ ಧರ್ಮಾಸ್ಪತ್ರೆಯಲ್ಲಿ ಕ್ಷಯದಿಂದ ಸತ್ತಳು. ಸಿನಿಮಾದ ಸಾವಿಗಾದರೋ ಪಿಟೀಲು ನುಡಿಸುತ್ತಾರೆ. ಇವಳ ಹಾಸಿಗೆಯ ಪಕ್ಕ ಇದ್ದದ್ದು ಓಬ್ದುಲಿಯಾ ಒಬ್ಬರೇ. ಕಥೆಯೊಂದು ತೆರೆಯಿಂದ ಇಳಿದು ಬಂದು ಜೀವಂತ ಹೆಣ್ಣಿನ ಕತ್ತು ಹಿಸುಕಿದ ಬಗೆ ಇದು. ಇದನ್ನು ಯಾವ ಮೇರುಕೃತಿಯಿಂದ ಕಲಿಸಲಿ, ಹೇಳಿ?

ಆ ಮಗಳ ಹೆಸರು ಅಂಪಾರೋ, ಈಗ ಅರವತ್ತಾರು ವರ್ಷ. ಓಬ್ದುಲಿಯಾ ಆಕೆಯ ನಂಟು ಬಿಟ್ಟಿರಲಿಲ್ಲ. ಆದರೆ ಅಮ್ಮನದೊಂದು ಫೋಟೋ ಕೂಡ ಆಕೆ ಕಂಡವಳಲ್ಲ. ಇದ್ದದ್ದೆಲ್ಲ ಆ ಪೆಟ್ಟಿಗೆಯಲ್ಲಿತ್ತು. ಅಜ್ಜಿ ತರಗತಿಯಲ್ಲೇ ಫೋನ್ ಮಾಡಿದರು.

“ಅಂಪಾರೋ, ನಿಮ್ಮಮ್ಮ ಇಲ್ಲಿದಾಳೆ ಕಣೇ. ನಗ್ತಾ ಇದಾಳೆ.”

ಆ ಕಡೆಯಿಂದ ಪ್ರಶ್ನೆ ಬಂತು: “ನನ್ನ ಹಲ್ಲಿನ ಸಂದಿ ಅವಳದ್ದೇನಾ? ನೋಡಿ ಹೇಳು.”

“ನಾನ್ಯಾಕೆ ಹೇಳ್ಲಿ? ನೀನೇ ಬಂದು ನೋಡ್ಕೋ.”

ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಆಕೆ ಏಪ್ರಿಲ್‌ನ ಆ ಗುರುವಾರ ಬಂದರು. ಎರಡು ದಿನ ಮುಂಚೆ ತಮ್ಮ ಅಭಿರುಚಿ ಬಂದಿತ್ತು.

ಪುಯೆಬ್ಲಾದಿಂದ ಬಸ್ಸಿನಲ್ಲಿ, ಇಸ್ತ್ರಿ ಮಾಡಿದ ನೀಲಿ ಉಡುಪು ತೊಟ್ಟು ಬಂದ ಆ ಹೆಂಗಸನ್ನು ಬೀಗದ ಮುಂದೆ ನಿಲ್ಲಿಸಿಕೊಂಡು ನಾನು ಏನು ಹೇಳಬೇಕಿತ್ತು? ಎರಡು ದಿನದಲ್ಲಿ ಹೇಗಾದರೂ ಅನುಮತಿ ಸಿಗುತ್ತದೆಂದು ನಂಬಿ ನಾನು ಅವರನ್ನು ತಡೆದಿರಲಿಲ್ಲ. ಆ ತಪ್ಪು ನನ್ನದು. ತಮ್ಮ ಕಚೇರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟು, ಒಂದೇ ಒಂದು ಸಲ ತೆರೆಯಿರಿ ಎಂದು ಬೇಡಿಕೊಂಡೆ. ತಮ್ಮ ಸಹಾಯಕರು ನಕ್ಕರು. “ಅಂಥ ಡ್ಯಾನ್ಸ್ ನೋಡೋಕೆ ಈ ವಯಸ್ಸಲ್ಲಿ ಅವರಿಗೆ ಅಷ್ಟೇನಮ್ಮ ಆತುರ?”

“ಅರವತ್ತಾರು ವರ್ಷದ ಆತುರ ಕಣಪ್ಪ” ಎಂದರು ಅಂಪಾರೋ.

ಸಹಾಯಕರು ಫೋನ್ ಇಟ್ಟರು. ಓಬ್ದುಲಿಯಾ ನನ್ನ ಕಡೆ ತಿರುಗಿದರು. “ಆ ಮನೆಯೊಡತಿ ಸತ್ತು ಯಾವ ಕಾಲ ಆಯ್ತು ಅಂದ್ಕೊಂಡಿದ್ದೆ, ಟೀಚರಮ್ಮ. ಸತ್ತಿಲ್ಲ. ಸರ್ಕಾರಿ ಕೆಲಸಕ್ಕೆ ಸೇರ್ಕೊಂಡಿದಾಳೆ.”

ಮಾರೆಲಿ ಬೀಗ ಒಡೆಯಲು ಹೊರಟಳು. ನಿಜ ಹೇಳುತ್ತೇನೆ, ನಾನು ತಡೆಯಲಿಲ್ಲ. ತಡೆದವರು ಅಂಪಾರೋ. “ಬೇಡ ಮಗಳೇ. ನಮ್ಮಮ್ಮನ್ನ ನಾನು ಕದ್ದು ನೋಡಲ್ಲ. ಅವಳೇನು ಕದ್ದು ಕುಣಿದಿರ್ಲಿಲ್ಲ.” ವಿದ್ಯಾರ್ಥಿಗಳು ತಂದುಕೊಟ್ಟ ತಮಾಲೆಯನ್ನು, ಆ ಜೋಳದ ಕಡುಬನ್ನು, ಅರ್ಧ ತಿಂದು, ಬಸ್ಸು ಹಿಡಿದು ಹಿಂದಕ್ಕೆ ಹೋದರು.

ಮಾನ್ಯರೇ, ಆ ಚಿತ್ರಗಳನ್ನು ಮೆಚ್ಚಿ ಎಂದು ನಾನು ಕೇಳುತ್ತಿಲ್ಲ. ಎಷ್ಟೋ ಚಿತ್ರಗಳನ್ನು ಕಂಡರೆ ನನಗೇ ಮೈ ಉರಿಯುತ್ತದೆ, ಉರಿಯುವುದರಿಂದಲೇ ಕಲಿಸುತ್ತೇನೆ. ನಾನು ಕೇಳುವುದು ಇಷ್ಟು: ಆದೇಶ ಹಿಂತೆಗೆದುಕೊಳ್ಳಿ, ಮೊಹರು ತೆಗೆಯಿರಿ, ಸೂಚನಾಫಲಕದಲ್ಲಿ ಹಾಕಿ ಹಗಲು ಹೊತ್ತಿನಲ್ಲಿ ಆ ಚಿತ್ರ ತೋರಿಸಿ. ಕ್ಷಮೆಯನ್ನು ನನ್ನಲ್ಲಿ ಕೇಳಬೇಡಿ, ಅಂಪಾರೋ ಅವರಲ್ಲಿ ಕೇಳಿ. ಜೂನ್ ಎಂಟರ ಗುರುವಾರ ಹತ್ತು ಗಂಟೆಗೆ ಅವರು ಮತ್ತೆ ಬರುತ್ತಾರೆ. ಬಾಗಿಲು ತೆರೆದಿದ್ದರೆ ಒಳಗೆ ಕೂರುತ್ತೇವೆ. ಮುಚ್ಚಿದ್ದರೆ ಹೊರಗೆ ಕೂತು, ಮೂವತ್ತೊಂದು ಮಂದಿ ವಿದ್ಯಾರ್ಥಿಗಳಿಗೆ ನಾನು ತಮ್ಮ ಒಂದೂವರೆ ಸಾಲಿನ ಆದೇಶವನ್ನೇ ಪಾಠ ಮಾಡುತ್ತೇನೆ: ಅದನ್ನು ಯಾವ ಕಾಲದಲ್ಲಿ ಬರೆದರು, ಯಾರ ಭಯಕ್ಕೆ ಬರೆದರು, ಅದರಿಂದ ಯಾರು ಬೀದಿಗೆ ಬಿದ್ದರು.

ಇಂತಿ,
ಸದ್ಯಕ್ಕೆ ಪಾಠವೂ ಇಲ್ಲದ, ಅಭಿರುಚಿಯೂ ಇಲ್ಲದ ಚರಿತ್ರೆಯ ಅಧ್ಯಾಪಕಿ,
ಹೆರ್ಮಿಲಾ ಕಾರ್ಬಾಹಾಲ್